ಪಾಸ್‌ಪೋರ್ಟು ಎದುರು ಮನೆಯಲ್ಲಿ, ಸೀಟು ಕೊನೇ ಸಾಲಿನಲ್ಲಿ

ಮಸ್ಕತ್ತಿಗೆ ಹೋಗಿ ಬಂದ ಮೇಲೆ ನಮ್ಮ ಬೀದಿಯಲ್ಲಿ ಯಾರು ಸಿಕ್ಕರೂ ಕೇಳುವುದು ಒಂದೇ. ಸಮುದ್ರ ಹೇಗಿತ್ತು, ಬಿಸಿಲು ಎಷ್ಟು, ಖರ್ಜೂರ ತಂದಿರಾ. ಸಮುದ್ರ ನೀಲಿಯಾಗಿತ್ತು, ಬಿಸಿಲು ವಿಪರೀತ, ಖರ್ಜೂರ ಮುಗಿದುಹೋಯಿತು. ಅಷ್ಟಕ್ಕೆ ಆ ಮಾತು ಮುಗಿಯಿತು. ನಾನು ಹೇಳಬೇಕೆಂದು ಕೂತಿರುವುದು ನನ್ನ ಮೊಮ್ಮಗಳ ವಿಚಾರ. ಅವಳ ಹತ್ತಿರ ಹೋಗಿ ಸೇರುವುದರೊಳಗೆ ಒಂದು ಕಡೆ ವಿಮಾನದವರು, ಇನ್ನೊಂದು ಕಡೆ ನಮ್ಮ ಯಜಮಾನರು ನನಗೆ ಕೊಟ್ಟ ಕಾಟದ ವಿಚಾರ. ನಾಲ್ಕನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು ನಾನು. ಬರೆದದ್ದು ಹಿಂದೆ ಮುಂದೆ ಆದರೆ ಹೊಂದಿಸಿಕೊಂಡು ಓದಿ.

ನಂಜನಗೂಡು

ಮಗಳು ಸವಿತಾಳನ್ನು ಕೊಟ್ಟಿರುವುದು ಟಿ. ನರಸೀಪುರ ತಾಲ್ಲೂಕಿನ ಮೂಗೂರಿಗೆ. ಅಳಿಯ ಮಹೇಶ ಮಸ್ಕತ್ತಿನಿಂದಾಚೆ, ಮರಳುಗಾಡಿನ ನಡುವೆ ಇರುವ ಎಣ್ಣೆ ಬಾವಿಯ ಕ್ಯಾಂಪಿನಲ್ಲಿ ಕರೆಂಟಿನ ಕೆಲಸ ಮಾಡುತ್ತಾರೆ. ಕೆಲವು ವಾರ ಅಲ್ಲಿರಬೇಕು, ಆಮೇಲೆ ಕೆಲವು ದಿನ ಮಗಳಿರುವ ಮಸ್ಕತ್ತಿನ ಮನೆಗೆ ಬರಬಹುದು. ಹೋಗುವುದಕ್ಕೂ ಬರುವುದಕ್ಕೂ ಕಂಪನಿಯ ವಿಮಾನವೇ ಆಗಬೇಕು, ರಸ್ತೆ ಅಷ್ಟು ದೂರ.

ಚೊಚ್ಚಲ ಹೆರಿಗೆಗೆ ಮಗಳು ನಮ್ಮ ಮನೆಗೆ ಬರಬೇಕಿತ್ತು. ಡಾಕ್ಟರು ವಿಮಾನ ಹತ್ತಲೇಬೇಡಿ ಎಂದುಬಿಟ್ಟರು. ನಾನಾದರೂ ಹೋಗೋಣವೆಂದರೆ ನಮ್ಮ ಪಾಸ್‌ಪೋರ್ಟು ಬರುವುದಕ್ಕೆ ಮೊದಲು ಮಗುವೇ ಬಂದುಬಿಟ್ಟಿತು. ಹೆಣ್ಣು ಮಗು. ಫೋನಿನಲ್ಲಿ ತೋರಿಸಿದರು. ಆ ಗಲ್ಲ, ಆ ಮುಷ್ಟಿ, ನಿದ್ದೆಯಲ್ಲಿ ಹಾಲು ಕುಡಿಯುವಂತೆ ಆಡಿಸುವ ಆ ತುಟಿ! ಫೋನನ್ನು ಎದೆಗೆ ಒತ್ತಿಕೊಂಡರೆ ಗಾಜು ಬಿಸಿಯಾಗಿತ್ತು ಅಷ್ಟೇ, ಮಗುವಿನ ಮೈ ಬಿಸಿ ಅಲ್ಲ. ಅವತ್ತಿನಿಂದ ನನಗೆ ಅಡಿಗೆಗೆ ಉಪ್ಪು ಹಾಕಿದೆನೋ ಇಲ್ಲವೋ ಎನ್ನುವುದೂ ನೆನಪಿರುತ್ತಿರಲಿಲ್ಲ.

ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಾಕಿ ಇತ್ತು. ಸವಿತಾ ಹಟ ಹಿಡಿದಿದ್ದಳು. "ನಮ್ಮವ್ವ ಬಂದು ಎತ್ಕೊಳ್ಳೋಗಂಟ ತೊಟ್ಲಿಗೆ ಆಕಾಕಿಲ್ಲ" ಎಂದು ಮೂಗೂರಿನ ಬೀಗಿತ್ತಿಗೂ ಫೋನಿನಲ್ಲಿ ಹೇಳಿಬಿಟ್ಟಿದ್ದಳು. ಸರಿ, ಕಿವಿಯಲ್ಲಿ ಹೆಸರು ಹೇಳಬೇಕಾದವರು ಅಪ್ಪ. ಆ ಅಪ್ಪನ ರಜ ಮುಗಿದು ಕ್ಯಾಂಪಿನ ವಿಮಾನ ಹತ್ತಬೇಕಾದ್ದು ಭಾನುವಾರ ರಾತ್ರಿ. ನಮಗೆ ಟಿಕೆಟ್ಟು ಸಿಕ್ಕಿದ್ದೂ ಅದೇ ಭಾನುವಾರ, ಸೇರುವುದು ಸಂಜೆಗೆ. ನಡುವೆ ಸಿಗುವ ಒಂದಿಷ್ಟು ಹೊತ್ತಿನಲ್ಲಿ ತೊಟ್ಟಿಲು ಆಗಬೇಕು. ಮುಂಬೈಯಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕು. ಅದು ತಪ್ಪಿದರೆ ಮಾರನೆಯ ದಿನವೇ ಗತಿ. ಅಷ್ಟರಲ್ಲಿ ಅಪ್ಪ ಮರಳುಗಾಡು ಸೇರಿರುತ್ತಾರೆ, ಮಗು ಇನ್ನೂ ಅಷ್ಟು ವಾರ ಹೆಸರಿಲ್ಲದೆ ಇರುತ್ತದೆ.

ಅಳಿಯಂದಿರು ಫೋನಿನಲ್ಲಿ ನನಗೆ ಬಿಡಿಸಿ ಬಿಡಿಸಿ ಹೇಳಿದರು. "ಅತ್ತೆ, ವೆಬ್ ಚೆಕ್-ಇನ್ ಅಂತ ಶುಕ್ರವಾರ ಮಧ್ಯಾಹ್ನ ತೆಗೀತಾರೆ. ತೆಗೆದ್ ತಕ್ಷಣ ಮಾಡಿಸ್ಬುಡಿ. ಮೊದಲು ಮಾಡ್ದೋರಿಗೆ ಮುಂದಿನ ಸೀಟು, ಮೊದಲು ಅತ್ಸೋದೂ ಅವ್ರನ್ನೇ. ಮುಂದಿದ್ರೆ ಮುಂಬೈಲಿ ಬಿರ್ರನೆ ಇಳ್ಕೊಂಡು ಓಗ್ಬೋದು. ಇಂದ್ಗಡೆ ಸಿಕ್ತೋ, ನೀವು ಇಳಿಯೋ ಒತ್ಗೆ ಆ ವಿಮಾನ ಒಂಟೋಗಿರ್ತದೆ."

ನನಗೆ ಇದು ಚೆನ್ನಾಗಿ ತಲೆಗೆ ಹೋಯಿತು. ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವಲು ಎಸೆದು ಸೀಟು ಹಿಡಿದ ಕೈ ಇದು. ಇದೂ ಹಾಗೆಯೇ, ಟವಲನ್ನು ಎರಡು ದಿನ ಮೊದಲೇ ಎಸೆಯಬೇಕು, ಅಷ್ಟೇ.

ತಲೆಗೆ ಹೋಗದಿದ್ದದ್ದು ನಮ್ಮ ಯಜಮಾನರಿಗೆ. ಅವರ ಚಿಂತೆ ಬೇರೆ. ಭಾನುವಾರ ಪಡುವಲಿಗೆ ಶೂಲ. ಅಂದರೆ ಆ ವಾರ ಪಶ್ಚಿಮದ ಕಡೆ ಹೊರಡಬಾರದು. ಮಸ್ಕತ್ತು ಇರುವುದೇ ಪಶ್ಚಿಮಕ್ಕೆ. ಇದಕ್ಕೆ ನಮ್ಮ ಹಿರಿಯರು ಇಟ್ಟಿರುವ ದಾರಿ ಪರಸ್ತಾನ. ಒಳ್ಳೆಯ ದಿನ ನೋಡಿ, ನಾವು ತೆಗೆದುಕೊಂಡು ಹೋಗುವ ಒಂದು ವಸ್ತುವನ್ನು ಮುಂಚಿತವಾಗಿ ಬೇರೆಯವರ ಮನೆಯಲ್ಲಿ ಇಟ್ಟು ಬರುವುದು. ಆಗ ಪ್ರಯಾಣ ಅವತ್ತೇ ಶುರುವಾದ ಹಾಗೆ ಲೆಕ್ಕ. ಹೊರಡುವ ದಿನ ಅಲ್ಲಿಂದ ಎತ್ತಿಕೊಂಡು ಮುಂದಕ್ಕೆ ಹೋಗುವುದು. ಇಟ್ಟದ್ದನ್ನು ಮಾತ್ರ ತಿರುಗಿ ಮನೆಗೆ ತರಕೂಡದು. ತಂದರೆ ಪ್ರಯಾಣ ಮುರಿದ ಹಾಗೆ.

ಗುರುವಾರ ಬೆಳಗ್ಗೆ ಅವರು ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಂದು ಕೈಚೀಲ ಹಿಡಿದು ಎದುರು ಸಾಲಿನ ರತ್ನಮ್ಮನ ಮನೆಗೆ ಹೋಗಿ ಬಂದರು. ಅವಳ ಮನೆ ನಮ್ಮ ಮನೆಗೆ ಸರಿಯಾಗಿ ಪಡುವಲಿಗೆ ಇದೆ. ಚೀಲದಲ್ಲಿ ಹೊಸ ಟವಲು, ಅಕ್ಕಿ, ಅರಿಸಿನದ ಕೊಂಬು ಇರಬಹುದು ಎಂದುಕೊಂಡೆ. ನಾನು ಚಕ್ಕುಲಿ ಬೇಯಿಸುವುದರಲ್ಲಿದ್ದೆ, ಕೇಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಬಸ್ ಸ್ಟ್ಯಾಂಡ್ ರಸ್ತೆಯ ಜೆರಾಕ್ಸ್ ಅಂಗಡಿ ಶೋಭಾಳ ಮುಂದೆ ಹೋಗಿ ಕೂತೆವು. ಅವಳು ಕಂಪ್ಯೂಟರಿನಲ್ಲಿ ವಿಮಾನದ ಬಾಗಿಲು ತೆಗೆಸಿ, ಚಿತ್ರ ತೋರಿಸಿದಳು. ವಿಮಾನದ ಹೊಟ್ಟೆ ಸೀಳಿ ಮಲಗಿಸಿದ ಹಾಗಿತ್ತು. ಸೀಟೆಲ್ಲ ಹಸಿರು ಹಸಿರಾಗಿ ಖಾಲಿ. ನಾಲ್ಕನೇ ಸಾಲು ಆಗಬಹುದಾ ಅಮ್ಮ ಎಂದಳು. ಆಗಬಹುದು ಎಂದೆ. ಪಾಸ್‌ಪೋರ್ಟು ಕೊಡಿ ಎಂದಳು.

ನಾನು ಯಜಮಾನರ ಮುಖ ನೋಡಿದೆ. ಅವರು ಬೀದಿ ನೋಡಿದರು.

"ಪರಸ್ತಾನ ಇಟ್ಟಿವ್ನಿ" ಎಂದರು.

ಟವಲು ಇಡುವುದು ಬಿಟ್ಟು ಪಾಸ್‌ಪೋರ್ಟನ್ನು ಯಾಕೆ ಇಟ್ಟಿರಿ ಎಂದರೆ, ಅವರ ಉತ್ತರ ಕೇಳಿ: "ಟವಲಿಲ್ದೆ ಓಗ್ಬೋದು ಕಣೇ ಅಮ್ಮಣ್ಣಿ, ಪಾಸ್‌ಪೋರ್ಟಿಲ್ದೆ ಓಗಕಾದದಾ? ನಿಜವಾದ ಪ್ರಯಾಣ ಇರೋದೇ ಅದರೊಳ್ಗೆ."

ರತ್ನಮ್ಮನ ಮನೆಗೆ ಓಡಿದೆ. ಬೀಗ. ತಂಗಿಯ ಮನೆ ಗೃಹಪ್ರವೇಶಕ್ಕೆ ನರಸೀಪುರಕ್ಕೆ ಹೋಗಿದ್ದಾಳೆ ಎಂದು ಪಕ್ಕದವರು ಹೇಳಿದರು. ಫೋನು ಮಾಡಿದೆ. ಬೀಗ ಹಾಕಿದ ಮನೆಯ ಒಳಗೇ ಫೋನು ಬಡಿದುಕೊಂಡಿತು. ಪಾಸ್‌ಪೋರ್ಟಿನ ಫೋಟೋ ಮಗಳ ಹತ್ತಿರ ಇತ್ತು. ರಾತ್ರಿಯೆಲ್ಲ ಮಗು ಮಲಗಲು ಬಿಟ್ಟಿಲ್ಲವೆಂದು ಅವಳೂ ಅಳಿಯಂದಿರೂ ಫೋನಿನ ಸದ್ದು ತೆಗೆದು ಮಧ್ಯಾಹ್ನ ಮಲಗಿದ್ದರಂತೆ. ಎತ್ತಲಿಲ್ಲ. ಶೋಭಾಳ ಅಂಗಡಿಗೆ ತಿರುಗಿ ಹೋದಾಗಲೆಲ್ಲ ಆ ಚಿತ್ರದಲ್ಲಿ ಹಸಿರು ಕಡಿಮೆಯಾಗುತ್ತಿತ್ತು. ಮೇವಿಗೆ ಬಿಟ್ಟ ಹಸು ಹೊಲ ತಿಂದುಕೊಂಡು ಬಂದ ಹಾಗೆ, ಮುಂದಿನಿಂದ ಹಿಂದಕ್ಕೆ.

ರತ್ನಮ್ಮ ಸಂಜೆ ಬಸ್ಸಿಗೆ ಇಳಿದಳು, ಕೈಯಲ್ಲಿ ಲಾಡು ಪೊಟ್ಟಣ. ನಾನು ಬೀದಿಯಲ್ಲೇ ಹಿಡಿದುಕೊಂಡೆ. ಬಾಗಿಲು ತೆಗೆಸಿ ಚೀಲಕ್ಕೆ ಕೈ ಹಾಕಿದರೆ ಯಜಮಾನರು ಅಡ್ಡ ನಿಂತರು. ಈಚೆಗೆ ತರಕೂಡದಂತೆ. ಅಂಗಡಿಗೆ ಹೋಗಬೇಕಾದರೆ ನಮ್ಮ ಮನೆಯ ಮುಂದೆಯೇ ಮೂಡಲಿಗೆ ಹೋಗಬೇಕು, ಅಲ್ಲಿಗೆ ಪ್ರಯಾಣ ಹಿಂದಕ್ಕೆ ತಿರುಗಿದಂತಾಯಿತಂತೆ. ರತ್ನಮ್ಮ ಸುಮ್ಮನಿದ್ದಾಳೆಯೇ. "ಅಣ್ಣಯ್ಯ ಏಳೋದು ಸರಿ ಕಣಕ್ಕ, ಮೊಮ್ಮಗು ನೋಡಕ್ ಓಗೋವಾಗ ಯಾಕ್ ಬೇಕು" ಎಂದು ಅವರ ಕಡೆಯೇ ಸೇರಿಕೊಂಡಳು. ಇಬ್ಬರಿಗೂ ನಾನು ಒಬ್ಬಳು. ಗಂಟಲು ಹರಿದುಕೊಂಡು ಪ್ರಯೋಜನವಿಲ್ಲವೆಂದು ಶೋಭಾಳನ್ನೇ ಕರೆದುಕೊಂಡು ಬಂದೆ. ಪಾಪ, ಅಂಗಡಿ ಬಾಗಿಲು ಎಳೆದು ಬಂದಳು. ರತ್ನಮ್ಮನ ಜಗಲಿಯ ಮೇಲೆ ಕೂತು, ಪಾಸ್‌ಪೋರ್ಟು ಹೊಸಿಲು ದಾಟದ ಹಾಗೆ ಒಳಗೆ ರತ್ನಮ್ಮ ಹಿಡಿದುಕೊಂಡಿರಲು, ತನ್ನ ಫೋನಿನಲ್ಲೇ ಒತ್ತಿ ಮುಗಿಸಿದಳು.

ಉಳಿದಿದ್ದದ್ದು ಎರಡೇ ಬಗೆಯ ಸೀಟು. ನಮ್ಮ ಕೈಗೆಟುಕದಷ್ಟು ದುಡ್ಡು ಕೊಟ್ಟರೆ ಕಾಲು ಚಾಚುವಂಥದ್ದು, ಇಲ್ಲದಿದ್ದರೆ ಕೊನೆಯಲ್ಲಿ. ನನಗೆ ಕಟ್ಟಕಡೆಯ ಸಾಲು, ನಡುವಿನ ಸೀಟು. ಅವರಿಗೆ ಅದಕ್ಕಿಂತ ಆರೇಳು ಸಾಲು ಮುಂದೆ, ಅದೂ ನಡುವಿನದು. ಹತ್ತುವ ಗುಂಪು ಕಡೆಯದು. ಅಳಿಯಂದಿರಿಗೆ ಫೋನು ಮಾಡಿ ಹೇಳಿದೆ. "ಇರ್ಲಿ ಬಿಡಿ ಅತ್ತೆ, ನೋಡಾನ" ಎಂದರು. ಆ "ನೋಡಾನ" ಕೇಳಿ ನನಗೆ ಅನ್ನ ಸೇರಲಿಲ್ಲ.

ಬೆಂಗಳೂರು ವಿಮಾನ ನಿಲ್ದಾಣ

ಬೆಳಗಾಗುವ ಮೊದಲು ಹೊರಟು, ರತ್ನಮ್ಮನ ಮನೆಯಿಂದ ಚೀಲ ಎತ್ತಿಕೊಂಡು, ವಿಮಾನ ನಿಲ್ದಾಣಕ್ಕೆ ಬೇಕಾದ್ದಕ್ಕಿಂತ ಬಹಳ ಮುಂಚೆಯೇ ಬಂದೆವು. ಮುಂಚೆ ಹೋಗಿ ಕೇಳಿಕೊಂಡರೆ ಸೀಟು ಬದಲಾಯಿಸಿ ಕೊಟ್ಟಾರು ಎಂದು ನನ್ನ ಆಸೆ. ಕೌಂಟರಿನ ಹುಡುಗಿ ಕನ್ನಡದವಳು. ಯಜಮಾನರು ಬಾಗಿ, ಗುಟ್ಟು ಹೇಳುವ ಹಾಗೆ ಅವಳಿಗೆ ಹೇಳಿದರು: "ನೋಡವ್ವ, ಡ್ರೈವರ್ ಇಂದ್ಗಡೆ ಎರಡು ಸೀಟು ಕೊಟ್ಬುಡು. ಕಾಲ್ ಮಡಿಸ್ಕೊಂಡು ಕೂತ್ಕತೀವಿ."

ಅವಳು ನಗು ತಡೆದುಕೊಂಡು, ಮುಂದಿನದೆಲ್ಲ ಭರ್ತಿ ಎಂದಳು. ದೊಡ್ಡ ಪೆಟ್ಟಿಗೆಗಳು ನೇರ ಮಸ್ಕತ್ತಿಗೆ ಹೋಗುತ್ತವೆ, ನೀವು ಅವುಗಳ ಯೋಚನೆ ಮಾಡಬೇಡಿ ಎಂದಳು. ನೋಡಿ, ಪೆಟ್ಟಿಗೆಗೆ ಇರುವ ಅನುಕೂಲ ಮನುಷ್ಯರಿಗಿಲ್ಲ.

ಹತ್ತುವ ಬಾಗಿಲ ಹತ್ತಿರ ನಾನು ಕಂಡದ್ದನ್ನು ಹೇಳಲೇಬೇಕು. ಎಲ್ಲರ ಕೈಯ ಚೀಟಿಯಲ್ಲೂ ಸೀಟಿನ ನಂಬರು ಬರೆದಿದೆ. ಆ ಸೀಟನ್ನು ಬೇರೆ ಯಾರೂ ಎತ್ತಿಕೊಂಡು ಹೋಗುವುದಿಲ್ಲ. ಆದರೂ ವಿಮಾನ ಬರುವುದಕ್ಕೆ ಮುಂಚೆಯೇ, ಕೋಟು ಹಾಕಿದವರು, ಇಂಗ್ಲಿಷಿನಲ್ಲಿ ಮಾತಾಡುವವರು, ಎಲ್ಲ ಎದ್ದು ಸಾಲು ನಿಂತರು. ನಮ್ಮ ಕಡೆ ಬಸ್ಸಿಗೆ ನುಗ್ಗಿದರೆ ಹಳ್ಳಿ ಗುಗ್ಗುಗಳು ಎನ್ನುತ್ತಾರೆ. ನಮ್ಮ ನುಗ್ಗಾಟದಲ್ಲಿ ಒಂದು ಅರ್ಥವಿದೆ, ನುಗ್ಗದಿದ್ದರೆ ನಿಂತುಕೊಂಡು ಹೋಗಬೇಕು. ಇವರು ಯಾಕೆ ನಿಂತಿದ್ದಾರೆ? ಪಕ್ಕದಲ್ಲಿ ಕೂತಿದ್ದ ಹೆಂಗಸನ್ನು ಕೇಳಿದೆ. ತಲೆಯ ಮೇಲೆ ಚೀಲ ಇಡುವ ಗೂಡು ತುಂಬಿಬಿಡುತ್ತದೆ ಅಮ್ಮ ಎಂದರು. ಅಲ್ಲಿಗೆ ಸೀಟಿನ ಜಗಳ ಇಲ್ಲಿ ಗೂಡಿನ ಜಗಳವಾಗಿದೆ.

ಸಾಲು ಕಂಡ ಮೇಲೆ ಯಜಮಾನರು ತಡೆಯುತ್ತಾರೆಯೇ. ಎದ್ದು ಹೋಗಿ ಮುಂದೆ ನಿಂತರು. ಚೀಟಿ ನೋಡಿ, ನಿಮ್ಮ ಗುಂಪು ಕಡೆಯದು ಎಂದು ಹಿಂದಕ್ಕೆ ಕಳಿಸಿದರು. ದೇವಸ್ಥಾನದಲ್ಲಿ ವಿಶೇಷ ದರ್ಶನದ ಸಾಲಿಗೆ ಧರ್ಮದರ್ಶನದವನು ಹೋಗಿ ನಿಂತ ಹಾಗಾಯಿತು. ಅಷ್ಟರಲ್ಲಿ ಇಂಗ್ಲಿಷಿನಲ್ಲಿ ಏನೋ ಕೂಗಿದರು. ಏನಂತೆ ಎಂದು ಯಜಮಾನರು ಆ ಹೆಂಗಸನ್ನು ಕೇಳಿದರು. ಎಳೆ ಮಗು ಇರುವವರು ಮೊದಲು ಬರಬಹುದಂತೆ ಎಂದರು. ಇವರು ಪುನಃ ಎದ್ದು ಹೋದರು.

"ನಮಗೂ ಎಳೇ ಮಗು ಅದೆ" ಎಂದರು.

"ಎಲ್ಲಿ ಸರ್ ಮಗು?"

"ಮಸ್ಕತ್ತಲ್ಲಿ."

ಅಲ್ಲಿದ್ದವರೆಲ್ಲ ನಕ್ಕರು. ನನಗೂ ಸಿಟ್ಟಿನ ನಡುವೆ ನಗು ಬಂತು. ಆದರೆ ಒಳಗೆ ಬಿಡಲಿಲ್ಲ. ಎಲ್ಲರೂ ಹೋದ ಮೇಲೆ, ಕಡೆಗೆ, ಮದುವೆ ಮನೆಯಲ್ಲಿ ಕೊನೇ ಪಂಕ್ತಿಗೆ ಕೂತವರ ಹಾಗೆ ನಾವು ಹೊಕ್ಕೆವು.

ಮೇಲೆ

ಗೂಡುಗಳೆಲ್ಲ ತುಂಬಿದ್ದವು. ನನ್ನ ಕೈಚೀಲವನ್ನು ವಿಮಾನದ ಹುಡುಗ ತೆಗೆದುಕೊಂಡು ಎಲ್ಲೋ ಮುಂದಿನ ಸಾಲಿನ ಗೂಡಿಗೆ ತುರುಕಿದ. ನನ್ನ ಚೀಲಕ್ಕೆ ಸಿಕ್ಕ ಜಾಗ ನನಗೆ ಸಿಗಲಿಲ್ಲ. ನಾನು ಹೋಗಿ ಕಡೆಯ ಸಾಲಿನಲ್ಲಿ, ಕಕ್ಕಸಿನ ಬಾಗಿಲಿಗೆ ಬೆನ್ನು ಕೊಟ್ಟು ಕೂತೆ. ಈ ಕಡೆಯವನು ಆಗಲೇ ಬಾಯಿ ತೆರೆದು ನಿದ್ದೆ ಹೋಗಿದ್ದ. ಆ ಕಡೆ ದಪ್ಪನೆಯ ಒಬ್ಬ ಹೆಂಗಸು, ಹಸಿರು ಬಳೆ, ದೊಡ್ಡ ಕುಂಕುಮ. ಮುಂಬೈ ಕಡೆಯವರು, ಅವರಿಗೆ ಕನ್ನಡ ಬಾರದು, ನನಗೆ ಹಿಂದಿ ಬಾರದು. ನಾನು ಚಕ್ಕುಲಿ ಕೊಟ್ಟೆ. ತಿಂದು, ಇನ್ನೊಂದು ಇದೆಯಾ ಎಂದು ಕಣ್ಣಲ್ಲೇ ಕೇಳಿದರು.

ಹೊರಡುವ ಹೊತ್ತು ಮೀರಿದರೂ ವಿಮಾನ ಹೊರಡಲೊಲ್ಲದು. ಮಧ್ಯದಲ್ಲಿ ಯಾರೋ ಇಬ್ಬರು ಕಿಟಕಿ ಸೀಟಿಗೆ ಜಗಳವಾಡುತ್ತಿದ್ದರು. ಅದು ತೀರಿದ ಮೇಲೆ ವಿಮಾನ ನೆಲದ ಮೇಲೇ ಸಾಲಿನಲ್ಲಿ ನಿಂತಿತು. ಹೌದು ಕಣ್ರೀ, ವಿಮಾನಕ್ಕೂ ಸಾಲು. ಹೊಟ್ಟೆ ತುಂಬ ಸಾಲಿನಲ್ಲಿ ಬಂದವರನ್ನು ತುಂಬಿಕೊಂಡು ತಾನೂ ಹೋಗಿ ಸಾಲಿನಲ್ಲಿ ನಿಲ್ಲುತ್ತದೆ.

ಅಂತೂ ಎದ್ದಿತು. ಮೋಡದ ಮೇಲೆ ಹೋಗುವುದು ಹೇಗಿತ್ತು ಎಂದು ಕೇಳಬೇಡಿ. ನಾನು ನೋಡುತ್ತಿದ್ದದ್ದು ಮುಂದಿನ ತಲೆಗಳನ್ನು. ನನಗೂ ಬಾಗಿಲಿಗೂ ನಡುವೆ ಎಷ್ಟೊಂದು ತಲೆ. ಬಕ್ಕ ತಲೆ, ಜಡೆ ತಲೆ, ಬಣ್ಣ ಹಚ್ಚಿದ ತಲೆ. ಇವರೆಲ್ಲ ತಮ್ಮ ತಮ್ಮ ಚೀಲ ಇಳಿಸಿಕೊಂಡು, ಸೀರೆ ಸೆರಗು ಸರಿಮಾಡಿಕೊಂಡು, ಫೋನು ನೋಡಿಕೊಂಡು ಇಳಿಯುವವರೆಗೆ ಆ ಇನ್ನೊಂದು ವಿಮಾನ ನಿಲ್ಲುತ್ತದೆಯೇ? ಮಗುವಿಗೆ ಎರೆದು, ಹೊಸ ಅಂಗಿ ಹಾಕಿ, ತೊಟ್ಟಿಲು ಕಟ್ಟಿ ಅಲ್ಲಿ ಕಾಯುತ್ತಿದ್ದಾರೆ. ರತ್ನಮ್ಮನ ಬೀಗ ನೆನಪಾಗಿ ಹಲ್ಲು ಕಡಿದೆ. ಯಜಮಾನರು ಎಲ್ಲಿ ಎಂದು ಇಣುಕಿದರೆ, ಎರಡು ಕಡೆಯವರ ಭುಜದ ನಡುವೆ ಅವರ ತಲೆ ಅತ್ತ ಇತ್ತ ತೂಗುತ್ತಿತ್ತು. ನಿದ್ದೆ. ಅವರ ಪ್ರಯಾಣ ಗುರುವಾರವೇ ಶುರುವಾಗಿತ್ತಲ್ಲ, ದಣಿವಾಗಿರಬೇಕು.

ಮುಂಬೈ

ಚಕ್ರ ನೆಲಕ್ಕೆ ತಾಗಿದ್ದೇ ತಡ, ಕೂತಿರಿ ಕೂತಿರಿ ಎಂದು ಕೂಗುತ್ತಿದ್ದರೂ ಕೇಳದೆ ಎಲ್ಲರೂ ಎದ್ದು ನಡುದಾರಿಯಲ್ಲಿ ತುಂಬಿಕೊಂಡರು. ಬಾಗಿಲು ತೆಗೆದಿಲ್ಲ. ಹೋಗುವುದಕ್ಕೆ ದಾರಿಯಿಲ್ಲ. ಆದರೂ ಕತ್ತು ಓರೆ ಮಾಡಿಕೊಂಡು, ಬೇರೆಯವರ ಚೀಲ ಮೂಗಿಗೆ ತಗುಲಿಸಿಕೊಂಡು ನಿಂತಿದ್ದಾರೆ.

ನಾನು ಎದ್ದು ನಿಂತು ಕನ್ನಡದಲ್ಲೇ ಹೇಳಿದೆ. "ಅಪ್ಪಾ, ಸ್ವಲ್ಪ ದಾರಿ ಬುಡ್ರಪ್ಪ, ನಮ್ಗೆ ಇನ್ನೊಂದು ವಿಮಾನ ಅದೆ." ಮುಂದಿದ್ದವನು ತಿರುಗಿಯೂ ನೋಡಲಿಲ್ಲ, ಕಿವಿಯಲ್ಲಿ ಏನೋ ಸಿಕ್ಕಿಸಿಕೊಂಡಿದ್ದ. ಪಕ್ಕದ ದಪ್ಪ ಹೆಂಗಸು ಏನು ಎಂಬಂತೆ ನೋಡಿದರು. ನನಗೆ ಬೇರೆ ಭಾಷೆ ಇಲ್ಲ. ಎರಡು ತೋಳು ಸೇರಿಸಿ ಮಗು ತೂಗಿ ತೋರಿಸಿದೆ. ಕೈಗಡಿಯಾರ ತೋರಿಸಿದೆ. ಕೈಯನ್ನು ವಿಮಾನ ಮಾಡಿ ಹಾರಿಸಿಬಿಟ್ಟು, ತಲೆಯ ಮೇಲೆ ಕೈ ಹೊತ್ತುಕೊಂಡೆ.

ಅವರಿಗೆ ಎಲ್ಲ ಅರ್ಥವಾಯಿತು. ಎದ್ದು, ಸಂತೆಯಲ್ಲಿ ಮೀನು ಮಾರುವವರಿಗೂ ಇರದಂಥ ಗಂಟಲಿನಲ್ಲಿ ಒಂದು ಕೂಗು ಹಾಕಿದರು. ಏನೆಂದರೋ ನನಗೆ ಗೊತ್ತಿಲ್ಲ. ಕಿವಿಗೆ ಸಿಕ್ಕಿಸಿಕೊಂಡಿದ್ದವನು ಕಿತ್ತುಕೊಂಡ. ಆ ಕೂಗನ್ನು ಮುಂದಿನವರು ಇನ್ನೂ ಮುಂದಿನವರಿಗೆ ದಾಟಿಸಿದರು. ಜನ ಸೀಟುಗಳ ಸಂದಿಗೆ ಸರಿದು, ಹೊಟ್ಟೆ ಒಳಗೆಳೆದುಕೊಂಡು ದಾರಿ ಬಿಟ್ಟರು. ಮುದುಕರೊಬ್ಬರು ನನ್ನ ತಲೆ ಮುಟ್ಟಿ ಏನೋ ಹರಸಿದರು. ನನಗೆ ಕಣ್ಣು ತುಂಬಿ ಬಂತು.

ಅಡ್ಡಿ ಬಂದದ್ದು ಯಾರು ಎನ್ನುತ್ತೀರಿ? ಯಜಮಾನರು. ತಮ್ಮ ಸಾಲಿನಲ್ಲಿ ಕೂತೇ ಇದ್ದಾರೆ. "ಅವ್ರೆಲ್ಲ ಮುಂದವ್ರೆ, ನಾವೆಂಗ್ ನುಗ್ಗೋದು, ಏನಂದ್ಕೊಂಡಾರು" ಎಂದು ಸಂಕೋಚ. ನಂಜನಗೂಡಿನಲ್ಲಿ ಬಸ್ಸಿನ ಹಿಂದಿನ ಕಿಟಕಿಯಿಂದ ಇಳಿದು ಹೋಗಿದ್ದ ಮನುಷ್ಯ.

"ಏಳ್ರೀ ಮೇಲೆ" ಎಂದೆ. "ನಂಗೆ ಶೂಲ ಆಗಿರೋದು ನೀವೇ."

ಅಂಗಿ ತೋಳು ಹಿಡಿದು ಎಳೆದುಕೊಂಡೇ ಹೋದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ನನ್ನ ಕೈಚೀಲ ಇಳಿಸಿ ಹಿಡಿದು ನಿಂತಿದ್ದಳು. ಬಾಗಿಲು ತೆಗೆದರು. ಯಾರೂ ಇಳಿಯುವುದಕ್ಕೆ ಮೊದಲು ಕೊನೆಯ ಸಾಲಿನವರಾದ ನಾವು ಇಳಿದೆವು.

ಓಡಿದೆವು. ಮುಂಬೈ ವಿಮಾನ ನಿಲ್ದಾಣ ನಂಜನಗೂಡಿಗಿಂತ ದೊಡ್ಡದಿರಬೇಕು. ದಾರಿಯಲ್ಲಿ ತಾನೇ ಓಡುವ ನೆಲ ಇತ್ತು. ಅದರ ಮೇಲೆ ಜನ ನಿಂತುಕೊಂಡಿದ್ದರು. ನೆಲವೇ ಓಡುವಾಗ ತಾವು ಯಾಕೆ ನಡೆಯಬೇಕು ಎಂದಿರಬೇಕು. ಪಾಸ್‌ಪೋರ್ಟಿಗೆ ಮುದ್ರೆ ಹಾಕುವ ಆಫೀಸರು ಯಾತಕ್ಕೆ ಹೋಗುತ್ತಿದ್ದೀರಿ ಎಂದು ಹಿಂದಿಯಲ್ಲಿ ಕೇಳಿದ್ದು ಯಜಮಾನರಿಗೆ ಹೇಗೋ ಅರ್ಥವಾಯಿತು. ಮಗಳ ಮದುವೆ, ಅಳಿಯನ ಊರು, ಡಾಕ್ಟರು ಬೇಡವೆಂದದ್ದು, ಎಲ್ಲವನ್ನೂ ಕನ್ನಡದಲ್ಲಿ ಮೊದಲಿನಿಂದ ಶುರುಮಾಡಿದರು. ಆ ಪುಣ್ಯಾತ್ಮ ಅರ್ಧಕ್ಕೇ ಮುದ್ರೆ ಒತ್ತಿ ಕಳಿಸಿದ.

ಅಷ್ಟರಲ್ಲಿ ಮೇಲಿನಿಂದ ನಮ್ಮ ಹೆಸರು ಕೂಗಿದರು. ಕೂಗಿದ ರೀತಿಗೆ ಅದು ನಮ್ಮದೆಂದು ತಿಳಿಯುವುದು ಕಷ್ಟ. ಕೊನೆಗೆ ಮಸ್ಕತ್ತು ಎಂದದ್ದು ಕೇಳಿ ತಿಳಿಯಿತು. ಓಡುತ್ತಿದ್ದ ಯಜಮಾನರು ನಿಂತುಬಿಟ್ಟರು. "ಕೇಳ್ದಾ, ಮುಂಬೈಗೆಲ್ಲ ಕೇಳೋ ಅಂಗೆ ನಮ್ಮಪ್ಪನ ಎಸ್ರು ಸಮೇತ ಕೂಗವ್ರೆ" ಎಂದು ಎದೆ ಉಬ್ಬಿಸಿದರು. ನಾನು ಬೆನ್ನಿಗೆ ಕೈ ಕೊಟ್ಟು ನೂಕಿದೆ.

ಬಾಗಿಲ ಹತ್ತಿರ ಹೋದಾಗ ಸಾಲೇ ಇರಲಿಲ್ಲ. ಎಲ್ಲರೂ ಹತ್ತಿ ಮುಗಿದಿತ್ತು. ನೇರ ಹೋದೆವು, ಒಳಗೆ ಕಾಲಿಟ್ಟೆವು, ಬೆನ್ನ ಹಿಂದೆ ಬಾಗಿಲು ಹಾಕಿದರು. ಇಷ್ಟು ಸಲೀಸಾಗಿ ಹತ್ತುವುದಕ್ಕೆ ಬೇಕಾದ್ದು ಜೀವ ಬಾಯಿಗೆ ಬರುವಷ್ಟು ತಡವಾಗಿ ಬರುವುದು, ಅಷ್ಟೇ.

ಒಳಗೆ ಹೋಗಿ ಕೂತ ಮೇಲೆ ಆ ವಿಮಾನವೂ ಹೊರಡಲಿಲ್ಲ. ಯಂತ್ರದಲ್ಲಿ ಏನೋ ನೋಡಬೇಕಂತೆ. ಹೊರಟು ಹೋಗುತ್ತದೆ ಎಂದು ನಾನು ಓಡಿ ಬಂದ ವಿಮಾನ, ನನ್ನನ್ನು ಕೂರಿಸಿಕೊಂಡು ಸಂಜೆಯ ಬಿಸಿಲಿಗೆ ಮೈ ಕಾಯಿಸುತ್ತಾ ನಿಂತಿತು. ಮಗಳಿಗೆ ಫೋನು ಮಾಡಿದೆ. ಅವಳು ಅಳುವ ದನಿಯಲ್ಲಿ, "ಎಷ್ಟೊತ್ತಿಗಾದ್ರೂ ಬಾ ಕಣವ್ವ" ಎಂದಳು. ಹಿಂದೆ ಮಗುವೂ ಅಳುತ್ತಿತ್ತು. ಮೂರು ತಲೆಮಾರೂ ಒಟ್ಟಿಗೆ ಅತ್ತೆವು.

ಮಸ್ಕತ್ತು

ಇಳಿದಾಗ ಕತ್ತಲಾಗಿತ್ತು. ಇಲ್ಲೂ ನಾವು ಕೊನೆಯ ಸಾಲಿನವರೇ, ಕೊನೆಗೇ ಇಳಿದೆವು. ಮೆಟ್ಟಿಲ ಕೆಳಗೆ ಒಂದು ಬಸ್ಸು ನಿಂತಿತ್ತು. ನೂಕಿಕೊಂಡು ಮೊದಲು ಇಳಿದಿದ್ದವರೆಲ್ಲ ಅದರೊಳಗೆ ಕಂಬಿ ಹಿಡಿದು ನಿಂತು ನಮಗಾಗಿ ಕಾಯುತ್ತಿದ್ದರು. ನಾವು ಹತ್ತಿದ ಮೇಲೆಯೇ ಅದು ಹೊರಟಿತು. ಬಾಗಿಲ ಹತ್ತಿರವೇ ನಿಂತಿದ್ದರಿಂದ ಮೊದಲು ಇಳಿದವರೂ ನಾವೇ. ಈ ಸೀಟಿಗಾಗಿ ನಾನು ಮೂರು ದಿನ ರಕ್ತ ಕುದಿಸಿಕೊಂಡಿದ್ದೆನಲ್ಲ ಎಂದು ಮೈಯೆಲ್ಲ ಉರಿಯಿತು.

ಹೊರಗೆ ಬರುವಷ್ಟರಲ್ಲಿ ಮಗಳು ಫೋನು ಮಾಡಿದಳು. ಮನೆಗೆ ಹೋಗಿ ತೊಟ್ಟಿಲಿಗೆ ಹಾಕುವಷ್ಟು ಹೊತ್ತು ಉಳಿದಿರಲಿಲ್ಲ. ಮಗುವನ್ನು ಎತ್ತಿಕೊಂಡು ಗಂಡನ ಜೊತೆ ವಿಮಾನ ನಿಲ್ದಾಣಕ್ಕೇ ಬಂದುಬಿಟ್ಟಿದ್ದಾಳಂತೆ. ಕ್ಯಾಂಪಿನ ವಿಮಾನದ ಕೌಂಟರು ಮೇಲಿನ ಅಂತಸ್ತಿನಲ್ಲಿದೆ, ಅದನ್ನು ಇನ್ನೇನು ಮುಚ್ಚುತ್ತಾರೆ, ಪೆಟ್ಟಿಗೆ ಬಿಟ್ಟು ಮೊದಲು ಇಲ್ಲಿಗೆ ಬನ್ನಿ ಎಂದಳು. ಬಾಣಂತಿ ಗಾಳಿಯಲ್ಲಿ ಹೊರಗೆ ಬಂದದ್ದಕ್ಕೆ ಬಯ್ಯಬೇಕೆಂದುಕೊಂಡೆ. ಬಯ್ಯಲು ಉಸಿರಿರಲಿಲ್ಲ.

ಮೇಲೆ ಹೋಗಿ ನೋಡಿದರೆ, ಅಳಿಯಂದಿರು ಸಾಲಿನಲ್ಲಿದ್ದರು. ಹಳದಿ ಹೆಲ್ಮೆಟ್ಟನ್ನು ಚೀಲಕ್ಕೆ ನೇತುಹಾಕಿಕೊಂಡಿದ್ದರು. ಅವರ ಸರದಿ ಬಂದಿತ್ತು. ಕೌಂಟರಿನವನು ಕೈ ಬೀಸಿ ಕರೆದ. ಇವರು ಹಿಂದೆ ತಿರುಗಿ, ಹಿಂದಿದ್ದವನನ್ನು ನೀನು ಹೋಗು ಎಂದು ಮುಂದೆ ಬಿಟ್ಟರು. ಅವನಾದ ಮೇಲೆ ಮತ್ತೊಬ್ಬನನ್ನು ಬಿಟ್ಟರು.

"ಬಂದಾಗ್ಲಿಂದ ಇದೇ ಕೆಲ್ಸ ಕಣವ್ವ" ಎಂದು ಮಗಳು ಹೇಳಿದಳು. "ಸಾಲೆಲ್ಲ ಮುಂದುಕ್ ಬುಟ್ಟವ್ರೆ. ಈಗ ಇಂದ್ಗಡೆ ಇಬ್ರೇ ಉಳ್ದವ್ರೆ."

ಮೊದಲ ಸೀಟು ಹಿಡಿಯಿರಿ ಎಂದು ನನಗೆ ಅಷ್ಟು ಬಿಡಿಸಿ ಹೇಳಿದ್ದ ಮನುಷ್ಯ, ನಮಗಾಗಿ ತಾನು ಸಾಲಿನ ಬಾಲಕ್ಕೆ ಹೋಗಿ ನಿಂತಿದ್ದ. ಮಗಳು ಮಗುವನ್ನು ನನ್ನ ಕೈಗೆ ಕೊಟ್ಟಳು. ಏನು ಬರೆಯಲಿ? ಬೆಣ್ಣೆ ಮುದ್ದೆ ಎತ್ತಿಕೊಂಡ ಹಾಗಿತ್ತು. ಬೆಳಗಿನಿಂದ ಮೈಯಲ್ಲಿದ್ದ ಸಿಟ್ಟೆಲ್ಲ ಇಳಿದು ಹೋಯಿತು. ಬಿಸಿ ಬಿಸಿ ಮೈ.

ತೊಟ್ಟಿಲು ಎಲ್ಲಿ? ಸಾಮಾನು ತಳ್ಳುವ ಗಾಡಿಯೇ ತೊಟ್ಟಿಲು. ನನ್ನ ಕೈಚೀಲದಲ್ಲಿದ್ದ ಹಳೇ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಅದರಲ್ಲಿ ಹಾಸಿದೆ. ಮಗುವಿಗಿಂತ ಮೊದಲು ಗುಂಡುಕಲ್ಲು ಮಲಗಿಸಬೇಕು. ವಿಮಾನ ನಿಲ್ದಾಣದಲ್ಲಿ ಗುಂಡುಕಲ್ಲು ಎಲ್ಲಿಂದ ತರುವುದು? ಯಜಮಾನರು ಅಳಿಯಂದಿರ ಹೆಲ್ಮೆಟ್ಟು ಬಿಚ್ಚಿ ಕೊಟ್ಟರು. ಜೀವಮಾನದಲ್ಲಿ ಅವರು ಹೊತ್ತಿಗೆ ಸರಿಯಾಗಿ ಮಾಡಿದ ಕೆಲಸ ಅದು. ಹೆಲ್ಮೆಟ್ಟು ಮಲಗಿಸಿ ತೆಗೆದು, ಮಗುವನ್ನು ಗಾಡಿಯ ಕೆಳಗಿನಿಂದ ಮಗಳು ಕೊಟ್ಟು, ಮೇಲಿನಿಂದ ನಾನು ತೆಗೆದುಕೊಂಡು, ಮಲಗಿಸಿದೆ. ಉದ್ದನೆಯ ಬಿಳಿ ಅಂಗಿ ತೊಟ್ಟ ಆ ದೇಶದವರು ಇಬ್ಬರು ನಿಂತು ನೋಡಿದರು. ಒಬ್ಬ ಪೊಲೀಸಿನವನು ಬಂದ, ಗದರುತ್ತಾನೆ ಎಂದುಕೊಂಡೆ. ಅವನು ಗಾಡಿ ಜಾರದ ಹಾಗೆ ಅದರ ಹಿಡಿ ಹಿಡಿದುಕೊಂಡು ನಿಂತ.

ಅಳಿಯಂದಿರು ಓಡಿ ಬಂದರು. ಸಾಲಿನಲ್ಲಿ ಇನ್ನು ಯಾರೂ ಇರಲಿಲ್ಲ, ಕೌಂಟರಿನವನು ದೀಪ ಆರಿಸುವ ಹಾಗೆ ನೋಡುತ್ತಿದ್ದ. ಹೆಸರಿನ ವಿಚಾರಕ್ಕೆ ಬೀಗಿತ್ತಿಗೂ ಮಗಳಿಗೂ ತಿಂಗಳೆಲ್ಲ ಹಗ್ಗಜಗ್ಗಾಟವಾಗಿ, ಕೊನೆಗೆ ಅಪ್ಪನೇ ಒಂದು ಆರಿಸಿಕೊಂಡು ಬರಲಿ, ಕಿವಿಯಲ್ಲಿ ಹೇಳುವ ತನಕ ಯಾರೂ ಕೇಳುವುದು ಬೇಡ ಎಂದು ಒಪ್ಪಂದವಾಗಿತ್ತಂತೆ. ಅವರು ಗಾಡಿಯ ಮೇಲೆ ಬಾಗಿ, ಮಗುವಿನ ಕಿವಿಗೆ ಬಾಯಿಟ್ಟು, ಮೂರು ಸಲ ಹೇಳಿದರು. ಕಣ್ಣು ಒರೆಸಿಕೊಂಡು, ನಮ್ಮಿಬ್ಬರ ಕಾಲು ಮುಟ್ಟಿ, "ಬತ್ತೀನಿ ಅತ್ತೆ" ಎಂದು ಹೆಲ್ಮೆಟ್ಟು ಎತ್ತಿಕೊಂಡು ಓಡಿದರು. ಅವರಿಗೆ ಚೀಟಿ ಕೊಟ್ಟದ್ದೇ ಕೌಂಟರು ಮುಚ್ಚಿತು. ಗಾಜಿನ ಬಾಗಿಲ ಆಚೆ ಒಂದು ಸಲ ಕೈ ಎತ್ತಿದ್ದು ಕಂಡಿತು, ಆಮೇಲೆ ಕಾಣಲಿಲ್ಲ.

ನಾನು ಮಗಳ ಕಡೆ ತಿರುಗಿ ಕೇಳಿದೆ.

"ಏನ್ ಎಸ್ರಿಟ್ರವ್ವ?"

ಅವಳು ನನ್ನನ್ನು ನೋಡಿದಳು. "ನಿಂಗೆ ಕೇಳಿಸ್ಲಿಲ್ವಾ? ನೀನೇ ಅತ್ರ ಇದ್ದೆ."

ಯಜಮಾನರನ್ನು ನೋಡಿದೆವು. ಅವರಿಗೆ ಮೊದಲೇ ಕಿವಿ ಮಂದ. ಪೊಲೀಸಿನವನನ್ನು ಕೇಳುವ ಹಾಗಿಲ್ಲ. ಮಗಳು ಫೋನು ಒತ್ತಿದಳು, ಆಗಲೇ ಸ್ವಿಚ್ ಆಫ್. ಕ್ಯಾಂಪು ಸೇರುವ ತನಕ ಸಿಗುವುದಿಲ್ಲ. ನನ್ನ ಕೋಪ ಎಲ್ಲಿಂದಲೋ ತಿರುಗಿ ಬಂತು. ಇಷ್ಟು ದೂರ, ಇಷ್ಟು ಸಾಲು, ಇಷ್ಟು ಓಟ, ಎಲ್ಲ ಒಂದು ಹೆಸರಿಗೆ. ಆ ಹೆಸರು ಗೊತ್ತಿರುವವರಲ್ಲಿ ಒಬ್ಬರು ಆಕಾಶಕ್ಕೆ ಹೊರಟಿದ್ದಾರೆ. ಇನ್ನೊಬ್ಬಳು ಸಾಮಾನಿನ ಗಾಡಿಯಲ್ಲಿ, ನನ್ನ ಹಳೇ ಸೀರೆಯ ಮೇಲೆ ಮಲಗಿ, ನನ್ನ ಮುಖವನ್ನೇ ನೋಡಿ ದೊಡ್ಡದಾಗಿ ಒಂದು ಆಕಳಿಕೆ ತೆಗೆದಳು.